ಆಯ್ಕೆಗಾರರ ಕಣ್ಣಿಗೆ ಬೀಳದವರು

ಎಲ್ಲರಿಗೂ ನಮಸ್ಕಾರ.

ಅಮೆರಿಕನ್ ಫುಟ್‌ಬಾಲ್ ಅಂದ ಕೂಡಲೇ ನಮ್ಮಲ್ಲಿ ಅರ್ಧ ಜನ ಮೆಸ್ಸಿ ಆಡುವ ಆಟ ಅಂದುಕೊಳ್ಳುತ್ತಾರೆ. ಉಳಿದ ಅರ್ಧ ಜನ ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಾರಲ್ಲ, ಅದಾ ಅಂತಾರೆ. ಹೌದು, ಅದೇ. ಗಾಬರಿ ಬೇಡ, ಇವತ್ತು ನಿಯಮದ ಪಾಠ ಮಾಡಲ್ಲ. ಎರಡು ವಿಷಯ ಗೊತ್ತಿದ್ದರೆ ಸಾಕು.

ಒಂದು, ಕ್ವಾರ್ಟರ್‌ಬ್ಯಾಕ್. ಚೆಂಡು ಮೊದಲು ಇವನ ಕೈಗೆ ಬರುತ್ತದೆ. ಯಾರಿಗೆ ಎಸೆಯಬೇಕು, ಯಾರಿಗೆ ಕೊಡಬೇಕು ಅಂತ ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಅಷ್ಟರಲ್ಲಿ ನೂರಿಪ್ಪತ್ತು, ನೂರಮೂವತ್ತು ಕೆಜಿ ತೂಕದವರು ಅವನನ್ನು ಕೆಡವೋಕೆ ನುಗ್ಗಿ ಬರುತ್ತಿರುತ್ತಾರೆ.

ಎರಡು, ಡ್ರಾಫ್ಟ್. ನಮ್ಮ ಐಪಿಎಲ್‌ನಲ್ಲಿ ಹರಾಜು ನಡೆಯುತ್ತದೆ, ದುಡ್ಡು ಜಾಸ್ತಿ ಕೂಗಿದವರಿಗೆ ಆಟಗಾರ. ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನಲ್ಲಿ ಹರಾಜಿಲ್ಲ, ಸರದಿ. ಹಿಂದಿನ ವರ್ಷ ಕೊನೆಯ ಸ್ಥಾನದಲ್ಲಿದ್ದ ತಂಡ ಮೊದಲು ಆರಿಸುತ್ತದೆ, ಗೆದ್ದ ತಂಡ ಕೊನೆಗೆ. ಈಗ 32 ತಂಡಗಳು, ಏಳು ಸುತ್ತು; ಹಿಂದೆ ಸುತ್ತು ಇನ್ನೂ ಜಾಸ್ತಿ ಇತ್ತು. ಕಾಲೇಜಿನಲ್ಲಿ ಆಡಿ ಬಂದ ಸುಮಾರು 250 ಹುಡುಗರಿಗೆ ಜಾಗ ಸಿಗುತ್ತದೆ. ಅದಕ್ಕೂ ಮೊದಲು ಹುಡುಗರ ಎತ್ತರ, ತೂಕ, ಅಂಗೈ ಅಗಲ, ಎಷ್ಟು ಎತ್ತರ ಹಾರುತ್ತಾರೆ, 40 ಗಜ ಎಷ್ಟು ಸೆಕೆಂಡಿನಲ್ಲಿ ಓಡುತ್ತಾರೆ, ಎಲ್ಲ ಅಳೆದಿರುತ್ತಾರೆ.

ಇಷ್ಟೆಲ್ಲ ಅಳೆದೂ ಎಡವುತ್ತಾರೆ. ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಕಥೆ ನಿಮಗೆ ಗೊತ್ತೇ ಇರುತ್ತದೆ. 2000ನೇ ಇಸವಿ, ಆರನೇ ಸುತ್ತು, 199ನೇ ಆಯ್ಕೆ. 40 ಗಜ ಓಡಲು 5.28 ಸೆಕೆಂಡು ತಗೊಂಡಿದ್ದರು. ಅವರಿಗಿಂತ ಮುಂಚೆ ಆರು ಜನ ಕ್ವಾರ್ಟರ್‌ಬ್ಯಾಕ್‌ಗಳನ್ನು ಆರಿಸಿದ್ದರು. ಬ್ರೇಡಿ ಏಳು ಸೂಪರ್ ಬೌಲ್, ಅಂದರೆ ಎನ್‌ಎಫ್‌ಎಲ್ ಫೈನಲ್, ಗೆದ್ದರು. ಈ ಕಥೆಯನ್ನು ಎಲ್ಲರೂ ಹೇಳಿ ಹೇಳಿ ಸವೆಸಿಬಿಟ್ಟಿದ್ದಾರೆ, ನಾನು ಮುಂದೆ ಹೋಗುತ್ತೇನೆ.

ಕರ್ಟ್ ವಾರ್ನರ್ ಅಯೋವಾ ರಾಜ್ಯದವರು. ಓದಿದ್ದು ನಾರ್ದರ್ನ್ ಅಯೋವಾ ವಿಶ್ವವಿದ್ಯಾಲಯದಲ್ಲಿ. ಫುಟ್‌ಬಾಲ್ ಮಟ್ಟಿಗೆ ಅದು ದೊಡ್ಡ ಹೆಸರಲ್ಲ. ಅಲ್ಲಿಯೂ ಅವರಿಗೆ ಮೊದಲ ಕ್ವಾರ್ಟರ್‌ಬ್ಯಾಕ್ ಆಗಿ ಆಡೋಕೆ ಸಿಕ್ಕಿದ್ದು ಕೊನೆಯ ಒಂದೇ ವರ್ಷ. ಅದಕ್ಕೂ ಮುಂಚೆ ಬೆಂಚು ಕಾಯ್ದದ್ದೇ ಆಯಿತು. 1994ರ ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ. ಗ್ರೀನ್ ಬೇ ಪ್ಯಾಕರ್ಸ್ ತಂಡ ತರಬೇತಿ ಶಿಬಿರಕ್ಕೆ ಕರೆದು, ಸ್ವಲ್ಪ ದಿನ ನೋಡಿ, ವಾಪಸ್ ಕಳಿಸಿತು.

ಆಮೇಲೆ ಅವರು ಸೀಡರ್ ಫಾಲ್ಸ್ ಊರಿನ ಹೈ-ವೀ ಅನ್ನುವ ದಿನಸಿ ಅಂಗಡಿಯಲ್ಲಿ ರಾತ್ರಿ ಪಾಳಿಗೆ ಸೇರಿದರು. ಕೆಲಸ ಏನು? ಕಪಾಟಿನಲ್ಲಿ ಡಬ್ಬಿ ಜೋಡಿಸೋದು. ಗಂಟೆಗೆ ಐದೂವರೆ ಡಾಲರ್. 1995ರಿಂದ ಅಯೋವಾ ಬಾರ್ನ್‌ಸ್ಟಾರ್ಮರ್ಸ್ ಪರ ಅರೀನಾ ಫುಟ್‌ಬಾಲ್ ಆಡಿದರು. ಅದು ಛಾವಣಿ ಕೆಳಗೆ, ಬರೀ 50 ಗಜ ಉದ್ದದ ಮೈದಾನದಲ್ಲಿ ಆಡುವ ಆಟ. ಜಾಗ ಕಮ್ಮಿ, ಹೊತ್ತೂ ಕಮ್ಮಿ, ಚೆಂಡು ಕೈಗೆ ಬಂದ ತಕ್ಷಣ ಬಿಡಬೇಕು. ದೊಡ್ಡ ಆಟದವರು ಇದನ್ನು ಸರ್ಕಸ್ ಅಂತ ನಗುತ್ತಿದ್ದರು. ವಾರ್ನರ್ ಕೈ ಚುರುಕಾಗಿದ್ದು ಆ ಸರ್ಕಸ್ಸಿನಲ್ಲೇ ಅಂತ ನನ್ನ ಲೆಕ್ಕ.

ಮಧ್ಯದಲ್ಲಿ ಶಿಕಾಗೋ ಬೇರ್ಸ್ ತಂಡದ ಪರೀಕ್ಷೆಗೆ ಕರೆ ಬಂತು. ಆಗ ಮದುವೆಯಾಗಿ ಹನಿಮೂನಿಗೆ ಹೋಗಿದ್ದರು. ಅಲ್ಲಿ ಚೆಂಡೆಸೆಯುವ ಕೈಯ ಮೊಣಕೈಗೇ ಜೇಡ ಕಚ್ಚಿ ಊದಿಕೊಂಡಿತು. ಪರೀಕ್ಷೆ ತಪ್ಪಿತು. ಇದನ್ನು ಸಿನಿಮಾದಲ್ಲಿ ತೋರಿಸಿದರೆ ಯಾರೂ ನಂಬಲ್ಲ, ಅಲ್ವಾ?

1998ರಲ್ಲಿ ಯುರೋಪಿಗೆ ಹೋಗಿ ಆಮ್‌ಸ್ಟರ್‌ಡ್ಯಾಮ್ ತಂಡಕ್ಕೆ ಆಡಿದರು. ಅದೇ ವರ್ಷ ಸೇಂಟ್ ಲೂಯಿಸ್ ರ್‍ಯಾಮ್ಸ್ ತಂಡದಲ್ಲಿ ಮೂರನೇ ಕ್ವಾರ್ಟರ್‌ಬ್ಯಾಕ್. ಮರುವರ್ಷ ಕ್ಲೀವ್‌ಲ್ಯಾಂಡ್‌ನಲ್ಲಿ ಹೊಸದಾಗಿ ತಂಡ ಕಟ್ಟುತ್ತಿದ್ದರು. ಹಳೆಯ ತಂಡಗಳು 'ಇವರನ್ನು ಬೇಕಾದರೆ ತಗೊಳ್ಳಿ' ಅಂತ ಕೆಲವರ ಹೆಸರು ಕೊಡಬೇಕಿತ್ತು. ರ್‍ಯಾಮ್ಸ್ ಕೊಟ್ಟ ಹೆಸರುಗಳಲ್ಲಿ ವಾರ್ನರ್ ಇದ್ದರು. ಕ್ಲೀವ್‌ಲ್ಯಾಂಡ್ ಬೇಡ ಅಂದಿತು.

ಈಗ ಟ್ರೆಂಟ್ ಗ್ರೀನ್ ಬಗ್ಗೆ ಹೇಳಬೇಕು. ಈ ಕಥೆ ಹೇಳುವವರು ಅವರನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ, ಅದು ನನಗೆ ಸರಿ ಕಾಣಲ್ಲ. ಗ್ರೀನ್ ಕೂಡ ಎಂಟನೇ ಸುತ್ತಿನಲ್ಲಿ ಆಯ್ಕೆಯಾಗಿ ಕಷ್ಟಪಟ್ಟು ಮೇಲೆ ಬಂದವರೇ. ಬೆಳೆದದ್ದು ಸೇಂಟ್ ಲೂಯಿಸ್ ಕಡೆ. ಕೊನೆಗೂ ತಮ್ಮೂರಿನ ತಂಡಕ್ಕೇ ಮೊದಲ ಕ್ವಾರ್ಟರ್‌ಬ್ಯಾಕ್ ಆಗಿದ್ದರು. 1999ರ ಆಗಸ್ಟ್‌ನಲ್ಲಿ, ಅಂಕಕ್ಕೇ ಬರದ ಒಂದು ಅಭ್ಯಾಸ ಪಂದ್ಯದಲ್ಲಿ, ಮೊಣಕಾಲಿಗೆ ಭಾರಿ ಪೆಟ್ಟು ಮಾಡಿಕೊಂಡರು. ಕೋಚ್ ಡಿಕ್ ವರ್ಮಿಲ್ ಪತ್ರಕರ್ತರ ಮುಂದೆ ಕಣ್ಣೀರು ಹಾಕಿದರು. ವಾರ್ನರ್ ಬೆನ್ನಿಗೆ ನಿಲ್ಲುತ್ತೇವೆ, ಚೆನ್ನಾಗಿ ಆಡುತ್ತೇವೆ ಅಂದರು. ನಂಬಿದವರು ಎಷ್ಟು ಜನರೋ.

ಆ ವರ್ಷ 28ರ ವಾರ್ನರ್ 41 ಟಚ್‌ಡೌನ್ ಪಾಸ್ ಎಸೆದರು, ಅಂದರೆ ಎದುರಾಳಿಯ ಗೆರೆ ದಾಟಿಸಿ ಅಂಕ ತಂದ ಎಸೆತಗಳು. ಹಿಂದಿನ ವರ್ಷ ನಾಲ್ಕು ಪಂದ್ಯ ಗೆದ್ದು ಹನ್ನೆರಡು ಸೋತಿದ್ದ ತಂಡ ಈ ಸಲ ಹದಿಮೂರು ಗೆದ್ದಿತು. 2000ದ ಜನವರಿ 30ರಂದು ಸೂಪರ್ ಬೌಲ್, ಎದುರಾಳಿ ಟೆನ್ನೆಸ್ಸೀ ಟೈಟನ್ಸ್. ಎರಡು ನಿಮಿಷ ಉಳಿದಿರುವಾಗ 16-16. ವಾರ್ನರ್ ಎಸೆದ ಚೆಂಡನ್ನು ಐಸಾಕ್ ಬ್ರೂಸ್ ಹಿಡಿದು ಓಡಿದರು, 73 ಗಜ. ಟೈಟನ್ಸ್ ಕೂಡ ಬಿಡಲಿಲ್ಲ, ಕೊನೆಯ ಕ್ಷಣದಲ್ಲಿ ಗೆರೆಗೆ ಒಂದು ಗಜ ದೂರದಲ್ಲಿ ಅವರ ಆಟಗಾರನನ್ನು ಕೆಡವಿದ್ದು. 23-16. ವಾರ್ನರ್ ಆ ದಿನ ಎಲ್ಲ ಪಾಸ್ ಸೇರಿ ಒಟ್ಟು 414 ಗಜ ಎಸೆದಿದ್ದರು. ಆ ಸೂಪರ್ ಬೌಲ್ ದಾಖಲೆ 17 ವರ್ಷ ನಿಂತಿತು. 2017ರಲ್ಲಿ ಅವರು ಆಟದ ಶ್ರೇಷ್ಠರಿಗೆ ಸಲ್ಲುವ ಹಾಲ್ ಆಫ್ ಫೇಮ್ ಗೌರವ ಪಡೆದರು.

ಇದನ್ನು ಕೇಳಿದ ಮೇಲೆ 'ಕಷ್ಟಪಟ್ಟರೆ ಫಲ ಇದ್ದೇ ಇದೆ' ಅನ್ನೋದು ಸುಲಭ. ನನಗೆ ಅದರ ಮೇಲೆ ತಕರಾರಿದೆ. ವಾರ್ನರ್ 1994ರಲ್ಲೂ ಕಷ್ಟಪಡುತ್ತಿದ್ದರು, 1999ರಲ್ಲೂ. ನಡುವೆ ಬದಲಾಗಿದ್ದು ಇನ್ನೊಬ್ಬರ ಮೊಣಕಾಲು. ಗ್ರೀನ್‌ಗೆ ಆ ಪೆಟ್ಟು ಬೀಳದಿದ್ದರೆ ಇವತ್ತು ನಾವು ವಾರ್ನರ್ ಹೆಸರು ಹೇಳುತ್ತಿದ್ದೆವಾ? ಅನುಮಾನ. ಗ್ರೀನ್ ಮುಂದೆ ಕಾನ್ಸಾಸ್ ಸಿಟಿ ತಂಡದಲ್ಲಿ ಚೆನ್ನಾಗಿಯೇ ಆಡಿದರು ಅನ್ನೋದು ಸಮಾಧಾನ.

ಹಳೆಯ ಕಾಲದಲ್ಲೂ ಇದೇ. ಜಾನಿ ಯುನಿಟಾಸ್ ಪಿಟ್ಸ್‌ಬರ್ಗ್ ಹುಡುಗ. 1955ರಲ್ಲಿ ಸ್ವಂತ ಊರಿನ ಸ್ಟೀಲರ್ಸ್ ತಂಡ ಒಂಬತ್ತನೇ ಸುತ್ತಿನಲ್ಲಿ ಆರಿಸಿ, ಅಭ್ಯಾಸ ಪಂದ್ಯದಲ್ಲಿ ಒಂದು ಸಲವೂ ಆಡಿಸದೆ ಕೈಬಿಟ್ಟಿತು. ಕಟ್ಟಡದ ಕೆಲಸ ಮಾಡುತ್ತಾ, ಪಂದ್ಯಕ್ಕೆ ಆರು ಡಾಲರ್‌ಗೆ ಊರ ತಂಡವೊಂದಕ್ಕೆ ಆಡಿದರು. ಮರುವರ್ಷ ಬಾಲ್ಟಿಮೋರ್ ಕೋಲ್ಟ್ಸ್ ಕರೆಯಿತು. ಅಲ್ಲಿಯೂ ಅವಕಾಶ ಸಿಕ್ಕಿದ್ದು ಮೊದಲ ಕ್ವಾರ್ಟರ್‌ಬ್ಯಾಕ್ ಜಾರ್ಜ್ ಶಾ ಗಾಯಗೊಂಡ ಮೇಲೇ. 1958ರ ಫೈನಲ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡವನ್ನು ಸೋಲಿಸಿದರು. ಸತತ 47 ಪಂದ್ಯಗಳಲ್ಲಿ ಟಚ್‌ಡೌನ್ ಪಾಸ್ ಎಸೆದ ಅವರ ದಾಖಲೆ ಮುರಿದದ್ದು 2012ರಲ್ಲಿ.

ವಾರ್ನರ್, ಯುನಿಟಾಸ್ ಇಬ್ಬರನ್ನೂ ಆಯ್ಕೆಗಾರರು ಸರಿಯಾಗಿ ನೋಡಲಿಲ್ಲ. ವಾರೆನ್ ಮೂನ್ ವಿಷಯ ಬೇರೆ. ಅವರನ್ನು ಎಲ್ಲರೂ ನೋಡಿದ್ದರು. 1978ರ ಜನವರಿಯಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಆಗಿ, ಕಾಲೇಜು ಫುಟ್‌ಬಾಲ್‌ನ ದೊಡ್ಡ ಪಂದ್ಯವಾದ ರೋಸ್ ಬೌಲ್ ಗೆದ್ದು, ಪಂದ್ಯದ ಶ್ರೇಷ್ಠ ಆಟಗಾರ ಅನ್ನಿಸಿಕೊಂಡಿದ್ದರು. ಇಷ್ಟಾದರೂ ಎನ್‌ಎಫ್‌ಎಲ್ ಕಡೆಯಿಂದ ಬಂದ ಮಾತು, ಬೇರೆ ಜಾಗದಲ್ಲಿ ಆಡ್ತೀಯಾ ಅಂತ. ಮೂನ್ ಕಪ್ಪು ಜನಾಂಗದವರು. ತಂಡವನ್ನು ನಡೆಸುವ ಬುದ್ಧಿ ಕಪ್ಪು ಆಟಗಾರರಿಗಿಲ್ಲ ಅನ್ನುವ ನಂಬಿಕೆ ಆಗ ಗಟ್ಟಿಯಾಗಿತ್ತು. ಅದೇ ವರ್ಷ ಡಗ್ ವಿಲಿಯಮ್ಸ್ ಅನ್ನುವ ಕಪ್ಪು ಕ್ವಾರ್ಟರ್‌ಬ್ಯಾಕ್ ಮೊದಲ ಸುತ್ತಿನಲ್ಲೇ ಆಯ್ಕೆಯಾದರು, ಅದನ್ನೂ ಹೇಳಬೇಕು. ಅಂದರೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಬ್ಬರು ತೂರುವಷ್ಟು ತೆರೆದಿತ್ತು.

ಮೂನ್ ಜಾಗ ಬದಲಾಯಿಸಲು ಒಪ್ಪಲಿಲ್ಲ. ಡ್ರಾಫ್ಟ್‌ಗೂ ಮೊದಲೇ ಕೆನಡಾದ ಎಡ್ಮಂಟನ್ ತಂಡಕ್ಕೆ ಸಹಿ ಹಾಕಿ ಹೊರಟುಬಿಟ್ಟರು. 1978ರಿಂದ 1982ರವರೆಗೆ, ಸತತ ಐದು ವರ್ಷ, ಆ ತಂಡ ಗ್ರೇ ಕಪ್ ಗೆದ್ದಿತು. ಅದು ಕೆನಡಾದವರ ಸೂಪರ್ ಬೌಲ್. ಆಮೇಲೆ ನೋಡಿ ತಮಾಷೆ. ಬೇಡ ಅಂದಿದ್ದ ಎನ್‌ಎಫ್‌ಎಲ್ ತಂಡಗಳು ಅವರಿಗಾಗಿ ಪೈಪೋಟಿಗೆ ಬಿದ್ದವು. 1984ರಲ್ಲಿ ಹ್ಯೂಸ್ಟನ್ ಆಯಿಲರ್ಸ್ ಸೇರಿದರು. ಎನ್‌ಎಫ್‌ಎಲ್ ಒಂದರಲ್ಲೇ ಒಟ್ಟು 49,325 ಗಜ ಎಸೆದರು. 2006ರಲ್ಲಿ ಹಾಲ್ ಆಫ್ ಫೇಮ್ ಸೇರಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಆದರು. ಇಂಥವರಿಗೆ 'ಅವಕಾಶ ಸಿಕ್ಕಿತು' ಅನ್ನೋದು ತಪ್ಪು. ಆರು ವರ್ಷ ಕಿತ್ತುಕೊಂಡು ಆಮೇಲೆ ಕೊಟ್ಟರು.

ಕೊನೆಗೆ ಒಬ್ಬರು. ಡಿಕ್ ಲೇನ್, ಆಟದ ಲೋಕಕ್ಕೆ 'ನೈಟ್ ಟ್ರೇನ್' ಲೇನ್. ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಹಸುಗೂಸಾಗಿದ್ದಾಗ ಕಸದ ತೊಟ್ಟಿಯಲ್ಲಿ ಸಿಕ್ಕ ಮಗು. ಎಲಾ ಲೇನ್ ಅನ್ನುವ ತಾಯಿ ಎತ್ತಿಕೊಂಡು ಹೋಗಿ ಸಾಕಿದರು. ಒಂದು ವರ್ಷ ಜೂನಿಯರ್ ಕಾಲೇಜಿನಲ್ಲಿ ಆಡಿ, ಸೈನ್ಯ ಸೇರಿ, ಹೊರಗೆ ಬಂದು ಲಾಸ್ ಏಂಜಲೀಸ್‌ನ ವಿಮಾನ ಕಾರ್ಖಾನೆಯಲ್ಲಿ ಎಣ್ಣೆ ಸುರಿಯುವ ಲೋಹದ ಹಾಳೆ ಹೊರುತ್ತಿದ್ದರು. ಆ ಕೆಲಸ ಸಾಕಾಗಿ, 1952ರಲ್ಲಿ ಹಳೆಯ ಪತ್ರಿಕೆ ತುಣುಕುಗಳನ್ನು ಅಂಟಿಸಿದ ಪುಸ್ತಕ ಹಿಡಿದು, ಆಗ ಅದೇ ಊರಿನಲ್ಲಿದ್ದ ರ್‍ಯಾಮ್ಸ್ ತಂಡದ ಆಫೀಸಿಗೆ ಸುಮ್ನೆ ನಡೆದುಕೊಂಡು ಹೋದರು. ಚೆಂಡು ಹಿಡಿದು ಓಡುವವನಾಗಿ ಪರೀಕ್ಷಿಸಿದರು, ಹೊಂದಲಿಲ್ಲ. ರಕ್ಷಣೆಗೆ ಹಾಕಿದರು. ಎದುರಾಳಿಯ ಪಾಸನ್ನು ನಡುವೆ ಹಾರಿ ಕಸಿಯೋದು ಅಲ್ಲಿನ ಕೆಲಸ. ಮೊದಲ ವರ್ಷವೇ, 12 ಪಂದ್ಯಗಳಲ್ಲಿ, 14 ಸಲ ಕಸಿದರು. ಈಗ ಒಂದು ವರ್ಷಕ್ಕೆ 17 ಪಂದ್ಯ, ಎಸೆಯೋದೂ ಆಗಿನದಕ್ಕಿಂತ ಎಷ್ಟೋ ಜಾಸ್ತಿ. ಆ 14ನ್ನು ಇನ್ನೂ ಯಾರೂ ಮುಟ್ಟಿಲ್ಲ.

ಇನ್ನು ನೀವು ಕೇಳಿ. ಆಟದ ನಿಯಮದ ಬಗ್ಗೆ ಕೇಳಿದರೂ ಪರವಾಗಿಲ್ಲ.