ಸೂಜಿಗೂ ಎಲೆಗೂ ನಡುವಿನ ಅರ್ಧ ಗಂಟೆ

(ವಿಶ್ವ ಮಧುಮೇಹ ದಿನದಂದು ಶಿವಮೊಗ್ಗದಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ನವೆಂಬರ್ 14 ಬ್ಯಾಂಟಿಂಗ್ ಹುಟ್ಟಿದ ದಿನ. 1921ರಲ್ಲಿ ಅವರೂ ಬೆಸ್ಟ್ ಅವರೂ ಇನ್ಸುಲಿನ್ ಹೇಗೆ ಕಂಡುಹಿಡಿದರು ಅಂತ ಈ ಸಭೆಗೆ ಹೇಳಬೇಕಾಗಿಲ್ಲ. ಅಡಿಕೆ ಕೊನೆಕೊಯ್ಲಿನ ಗಡಿಬಿಡಿಯಲ್ಲೂ ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬಂದಿದ್ದೀರಿ, ನೇರ ವಿಷಯಕ್ಕೇ ಬರುತ್ತೇನೆ.

ಊಟಕ್ಕೆಂದು ಹಾಕಿಕೊಳ್ಳುವ ಇನ್ಸುಲಿನ್ ಎರಡು ಬಗೆ. ರೆಗ್ಯುಲರ್ ಇನ್ಸುಲಿನ್ ಅಂದರೆ ಹಳೇದು, ದುಡ್ಡಿಲ್ಲದವರದು. ಪೆನ್ನಿನಲ್ಲಿ ಬರುವ, ಬೇಗ ಕೆಲಸ ಮಾಡುವ ರ್‍ಯಾಪಿಡ್ ಅಂದರೆ ಒಳ್ಳೇದು ಅನ್ನುವ ಮಾತಿದೆಯಲ್ಲ, ನನ್ನ ತಕರಾರು ಅದರ ಮೇಲೆ. ಟೈಪ್ 2 ಮಧುಮೇಹ ಇರುವವರಲ್ಲಿ ಇವೆರಡರ ನಡುವೆ, ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿಯಲ್ಲಿ ದೊಡ್ಡ ಅಂತರವೇನೂ ಕಂಡಿಲ್ಲ. ಎಷ್ಟೋ ಮನೆಗಳಲ್ಲಿ ತಪ್ಪಿರುವುದು ಔಷಧಿಯಲ್ಲ, ಗಡಿಯಾರ.

ರೆಗ್ಯುಲರ್ ಸೀಸೆಯೊಳಗೆ ಇನ್ಸುಲಿನ್ ಅಣುಗಳು ಸತುವಿನ ಸುತ್ತ ಆರಾರು ಸೇರಿ ಗುಂಪು ಕಟ್ಟಿಕೊಂಡಿರುತ್ತವೆ. ಚರ್ಮದಡಿ ಆ ಗುಂಪು ಒಡೆದ ಮೇಲೇ ರಕ್ತಕ್ಕೆ ದಾರಿ. ಅದಕ್ಕೇ ಕೆಲಸ ಶುರುವಾಗಲು ಅರ್ಧ ಗಂಟೆಯಿಂದ ಒಂದು ಗಂಟೆ. ಜೋರು 2ರಿಂದ 4 ಗಂಟೆಗೆ. ಬಾಲ, ಅಂದರೆ ಉಳಿದ ಪರಿಣಾಮ, 6–8 ಗಂಟೆಯವರೆಗೆ. ಊಟಕ್ಕೆ ಅರ್ಧ ಗಂಟೆ ಮುಂಚೆ ರೆಗ್ಯುಲರ್ ಹಾಕಿಕೊಳ್ಳುವುದು ಅದಕ್ಕೇ. 1996ರಲ್ಲಿ ಬಂದ ರ್‍ಯಾಪಿಡ್ ಬಗೆಯ ಲಿಸ್ಪ್ರೋದಲ್ಲಿ ಮಾಡಿದ್ದು ಇಷ್ಟೇ: ಇನ್ಸುಲಿನ್ ಅಣುವಿನ ಬಿ ಸರಪಳಿಯ 28 ಮತ್ತು 29ನೇ ಜಾಗದ ಪ್ರೋಲೀನ್, ಲೈಸೀನ್ ಎಂಬ ಅಮೈನೋ ಆಮ್ಲಗಳು ಅದಲುಬದಲು. ಗುಂಪು ಬೇಗ ಒಡೆಯುತ್ತದೆ. 15 ನಿಮಿಷದಲ್ಲಿ ಶುರು, 1–2 ಗಂಟೆಗೆ ಜೋರು, 3–5 ಗಂಟೆಗೆ ಮುಗಿಯಿತು. ಆಸ್ಪಾರ್ಟ್, ಗ್ಲುಲಿಸಿನ್ ಕೂಡ ಇದೇ ಜಾತಿ.

ಈಗ ಮದುವೆ ಮನೆಗೆ ಬನ್ನಿ. ಹನ್ನೆರಡೂವರೆಗೆ ಊಟ ಅಂತ ಕರೆದಿದ್ದಾರೆ. ಒಬ್ಬರು ಶಿಸ್ತಾಗಿ ಹನ್ನೆರಡಕ್ಕೇ ರೆಗ್ಯುಲರ್ 12 ಯೂನಿಟ್ ಹಾಕಿಕೊಂಡರು. ಮುಹೂರ್ತ ತಡವಾಯಿತು. ಮೊದಲ ಪಂಕ್ತಿಗೆ ಹೋದರೆ ಬೀಗರ ಕಡೆಯವರು ಕೂತಾಗಿದೆ. ‘ನೀವು ಮನೆಯವರು, ಮುಂದಿನದಕ್ಕೆ ಕೂರಿ’ ಅಂತ ಉಪಚಾರ ಬೇರೆ! ಎರಡು ಗಂಟೆ. ಸೂಜಿ ಜೋರು ಹಿಡಿಯುವ ಹೊತ್ತು, ಹೊಟ್ಟೆ ಖಾಲಿ. ರಕ್ತದ ಸಕ್ಕರೆ ಕುಸಿದು ಬೆವರು, ಕೈ ನಡುಕ, ಮಾತು ತೊದಲು. ಸೆಕೆಗೆ ಹೀಗಾಯಿತು ಅಂತ ಅಕ್ಕಪಕ್ಕದವರು ಗಾಳಿ ಹಾಕುತ್ತಾರೆ. ಬೇಕಾಗಿದ್ದು ಗಾಳಿಯಲ್ಲ, ಮೂರು ಚಮಚ ಸಕ್ಕರೆ, ಅಂದರೆ ಸುಮಾರು 15 ಗ್ರಾಂ, ನೀರಲ್ಲಿ ಕದಡಿ. 15 ನಿಮಿಷ ಬಿಟ್ಟು ಮೀಟರಿನಲ್ಲಿ ಪರೀಕ್ಷೆ; ಸಕ್ಕರೆ 70ಕ್ಕಿಂತ (ಮಿಗ್ರಾಂ/ಡೆಸಿಲೀಟರ್) ಕೆಳಗಿದ್ದರೆ ಮತ್ತೊಮ್ಮೆ ಸಕ್ಕರೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ವಾಹನ ತರಿಸಿ.

ಇದೇ ಜಾಗದಲ್ಲಿ ರ್‍ಯಾಪಿಡ್ ಗೆಲ್ಲುತ್ತದೆ. ಎಲೆ ಹಾಕಿ ಅನ್ನ ಬರುವುದು ಕಂಡ ಮೇಲೆ ಚುಚ್ಚಿಕೊಳ್ಳಬಹುದು. ಡಾಕ್ಟರು ಒಪ್ಪಿದ್ದರೆ ಊಟ ಮುಗಿದ ತಕ್ಷಣವೂ ಆದೀತು.

ಮನೆಯಲ್ಲಿ ಆಗುವುದು ಇದರ ಉಲ್ಟಾ. ರೆಗ್ಯುಲರ್ ಹಾಕಿದ ಕೈಯಲ್ಲೇ ಕಡುಬು ಮುರಿಯುತ್ತಾರೆ. ಕಡುಬಿನ ಸಕ್ಕರೆ ಒಂದು ಗಂಟೆಯೊಳಗೆ ಏರಿ ಕೂತಿರುತ್ತದೆ, ಇನ್ಸುಲಿನ್ ಇನ್ನೂ ಗುಂಪು ಒಡೆಯುತ್ತಿರುತ್ತದೆ. ಊಟವಾಗಿ ಎರಡು ಗಂಟೆಗೆ ಮೀಟರ್ 260 ತೋರಿಸಿತು ಅಂತ ಮತ್ತೆ ಆರು ಯೂನಿಟ್. ಮೊದಲಿನದರ ಬಾಲ ಇನ್ನೂ ಮುಗಿದಿಲ್ಲ ಸ್ವಾಮಿ! ಎರಡೂ ಸೇರಿ ಸಂಜೆ ತೋಟದಲ್ಲಿ ಕೆಡವುತ್ತವೆ. ಗುಡ್ಡ ಹತ್ತಿಳಿದು ಕೊನೆ ಹೊರುವವರಿಗಂತೂ ಕೆಲಸವೇ ಸಕ್ಕರೆ ಇಳಿಸುತ್ತದೆ. ಅಂಥ ದಿನ ತೊಡೆಗೆ ಬೇಡ, ಹೊಟ್ಟೆಗೆ ಹಾಕಿ. ಓಡಾಡುವ ಕಾಲಿನಿಂದ ಇನ್ಸುಲಿನ್ ಬೇಗ ಹೀರಿಕೊಳ್ಳುತ್ತದೆ. ಡೋಸ್ ಇಳಿಸಬೇಕೇ ಅಂತ ಕೊಯ್ಲಿಗೆ ಮುಂಚೆಯೇ ಡಾಕ್ಟರನ್ನು ಕೇಳಿಟ್ಟುಕೊಳ್ಳಿ.

ಹಾಗಂತ ಆ ಬಾಲ ದಂಡವೇನಲ್ಲ. ಎಣ್ಣೆ, ಕಾಯಿ ಜಾಸ್ತಿಯಿರುವ ಊಟ ನಿಧಾನ ಜೀರ್ಣವಾಗುತ್ತದೆ, ಅಲ್ಲಿ ರೆಗ್ಯುಲರ್ ಚೆನ್ನಾಗಿಯೇ ಹೊಂದುತ್ತದೆ. ಗಡಿಯಾರ ನೋಡಿ ಉಣ್ಣುವ ಮನೆಗೆ ಅದು ಸಾಲದು ಅನ್ನುವುದು ನ್ಯಾಯವಲ್ಲ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಉಳಿದದ್ದು ಓಡಿಸುತ್ತೇನೆ. ಸೀಸೆಯ ಮೇಲೆ 40 (ಒಂದು ಮಿ.ಲೀ.ಗೆ ಇಷ್ಟು ಯೂನಿಟ್ ಅಂತ) ಇದ್ದರೆ ಕೆಂಪು ಮುಚ್ಚಳದ ಸಿರಿಂಜ್, 100 ಇದ್ದರೆ ಕಿತ್ತಳೆ. 100ರ ಇನ್ಸುಲಿನನ್ನು ಕೆಂಪಿನಲ್ಲಿ 10ರ ಗೆರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇಲ್ಲದಿದ್ದರೂ ಚಿಂತೆಯಿಲ್ಲ. ತೆರೆದ ಸೀಸೆ ಬಿಸಿಲು, ಒಲೆ ತಾಗದ ತಂಪು ಜಾಗದಲ್ಲಿ ನಾಲ್ಕು ವಾರ ಇರುತ್ತದೆ. ಫ್ರೀಜರಿನಲ್ಲಿ ಗಡ್ಡೆ ಕಟ್ಟಿದ್ದು ಮಾತ್ರ ಕರಗಿದರೂ ಬೇಡ, ಎಸೆಯಿರಿ. ರೆಗ್ಯುಲರ್, ರ್‍ಯಾಪಿಡ್ ಎರಡೂ ನೀರಿನಷ್ಟು ತಿಳಿಯಾಗಿರಬೇಕು. ರೆಗ್ಯುಲರ್‌ನಿಂದ ರ್‍ಯಾಪಿಡ್‌ಗೆ ಬದಲಿಸುವುದಿದ್ದರೆ ಡಾಕ್ಟರ ಹತ್ತಿರ ಯೂನಿಟ್ ಜೊತೆ ಹೊತ್ತನ್ನೂ ಬರೆಸಿಕೊಂಡು ಬನ್ನಿ. ಇನ್ನು ಪ್ರಶ್ನೆಗಳು, ಹಿಂದಿನ ಸಾಲಿನವರು ಆಗಿನಿಂದ ಕೈ ಎತ್ತಿದ್ದಾರೆ, ಅವರಿಗೆ ಮೈಕ್ ಕೊಡಿ.