ಚಾರ್ಜಿಂಗ್ ಗುರುತು ಬಂದ ತಕ್ಷಣ ದುಡ್ಡು ಕೊಡಬೇಡಿ

ನಮಸ್ಕಾರ. ಬೆಂಗಳೂರಿನ ಎಸ್‌ಪಿ ರೋಡ್‌ಗೆ, ಅಂದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಗೆ ಬಂದಿದ್ದೇನೆ. ಗಾಡಿ ನಿಲ್ಲಿಸೋಕೆ ಜಾಗ ಹುಡುಕಿದ್ದೇ ಬೇರೆ ವಿಡಿಯೋ ಆಗುತ್ತೆ, ಅದು ಬಿಡಿ. ಇವತ್ತಿನ ಕೆಲಸ, ನನ್ನ ಗೇಮಿಂಗ್ ಲ್ಯಾಪ್‌ಟಾಪ್‌ಗೆ ಹೊಸ ಅಡಾಪ್ಟರ್. ಹಳೆಯದರ ವೈರು ಪಿನ್ ಹತ್ತಿರ ಸೀಳಿದೆ. ಒಂದು ಕಡೆ ಬಗ್ಗಿಸಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತೆ. ಟೇಪ್ ಸುತ್ತಿ ಓಡಿಸಬಹುದಿತ್ತು. ಆದರೆ ಗೇಮ್ ಆಡುವಾಗ ಅದರಲ್ಲಿ ಹತ್ತು ಆಂಪ್ ಹರಿಯುತ್ತೆ. ಸುಮ್ನೆ ಯಾಕೆ ಬೆಂಕಿ ಜೊತೆ ಸರಸ?

ಹಳೇ ಅಡಾಪ್ಟರ್ ಜೊತೆಗೇ ತಂದಿದ್ದೇನೆ. ನೀವೂ ಹಾಗೇ ಮಾಡಿ. ಕ್ಯಾಮೆರಾ ಹತ್ತಿರ ಹಿಡಿಯುತ್ತೇನೆ, ಈ ಸ್ಟಿಕರ್ ನೋಡಿ. ಮೇಲೆ ಇನ್‌ಪುಟ್, 100ರಿಂದ 240 ವೋಲ್ಟ್. ಅದು ಗೋಡೆಯಿಂದ ಬರೋ ಕರೆಂಟ್. ನಮಗೆ ಬೇಕಾಗಿರೋದು ಕೆಳಗಿನ ಔಟ್‌ಪುಟ್. 20 ವೋಲ್ಟ್, 11.5 ಆಂಪ್. ಗುಣಿಸಿದರೆ 230 ವ್ಯಾಟ್. ವೋಲ್ಟ್ ಹಳೆಯದಕ್ಕೆ ಹೊಂದಬೇಕು. ಆಂಪ್ ಅಷ್ಟೇ ಇರಲಿ, ಇಲ್ಲಾ ಜಾಸ್ತಿ ಇರಲಿ, ಕಮ್ಮಿ ಬೇಡ. ಜಾಸ್ತಿ ಆಂಪ್ ಇದ್ದರೆ ಬೋರ್ಡ್ ಸುಟ್ಟುಹೋಗುತ್ತೆ ಅಂತ ಹೆದರಬೇಡಿ. ಲ್ಯಾಪ್‌ಟಾಪ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತೆ.

ಮೊದಲನೇ ಅಂಗಡಿಯಲ್ಲಿ 135 ವ್ಯಾಟಿನದು ಕೈಗಿಟ್ಟರು. ಅದೇ 20 ವೋಲ್ಟ್, ಅದೇ ಚಪ್ಪಟೆ ಪಿನ್. ಸಲೀಸಾಗಿ ಕೂತಿತು, ಸ್ಕ್ರೀನಲ್ಲಿ ಚಾರ್ಜಿಂಗ್ ಗುರುತೂ ಬಂತು. “ಚಾರ್ಜ್ ಆಗ್ತಾ ಇದೆಯಲ್ಲ ಸರ್, ಇನ್ನೇನು ಬೇಕು?” ಅಂದರು.

ಎಲ್ಲ ಇರೋದು ಇಲ್ಲೇ. ಬ್ರೌಸರ್ ತೆರೆದು ಕೂತರೆ ಈ ಲ್ಯಾಪ್‌ಟಾಪ್‌ಗೆ ಅಷ್ಟೇನೂ ಕರೆಂಟ್ ಬೇಡ. ಗೇಮ್ ಶುರುವಾಗಲಿ, ಆಗ ಗೊತ್ತಾಗುತ್ತೆ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡನ್ನೇ ತಗೊಳ್ಳಿ. ಅದೊಂದೇ 115 ವ್ಯಾಟ್‌ವರೆಗೆ ತಿನ್ನಬಲ್ಲದು, ಬೂಸ್ಟ್ ಸೇರಿದರೆ 140. ಆಮೇಲೆ ಪ್ರೊಸೆಸರ್, ಸ್ಕ್ರೀನ್, ಫ್ಯಾನ್. 135 ಎಲ್ಲಿಗೆ ಸಾಲುತ್ತೆ? ಆಗ ಲ್ಯಾಪ್‌ಟಾಪ್ ಸ್ಪೀಡ್ ಇಳಿಸುತ್ತೆ, ಇಲ್ಲವೇ ಸಾಲದ್ದನ್ನು ಬ್ಯಾಟರಿಯಿಂದ ತಗೊಳ್ಳುತ್ತೆ. ಪ್ಲಗ್ ಹಾಕಿದ್ದರೂ ಬ್ಯಾಟರಿ ಇಳಿಯುತ್ತಾ ಹೋಗುತ್ತೆ. ಅದಕ್ಕೇ ಅಂಗಡಿಯಲ್ಲೇ ಒಂದು ಭಾರೀ ಗೇಮ್ ಹಾಕಿ, ಹತ್ತು ನಿಮಿಷ ಬ್ಯಾಟರಿ ಶೇಕಡಾ ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಡೆಲ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಅದರ ದುಂಡನೆ ಪಿನ್ ಒಳಗೆ, ನಡುವೆ, ಒಂದು ತೆಳು ಸೂಜಿ ಕಾಣುತ್ತೆ. ಅಡಾಪ್ಟರ್ ಒಳಗಿನ ಒಂದು ಚಿಪ್, ಇದು ಎಷ್ಟು ವ್ಯಾಟಿನದು ಅಂತ ಲ್ಯಾಪ್‌ಟಾಪ್‌ಗೆ ತಿಳಿಸೋದು ಆ ಸೂಜಿ ಮೂಲಕ. ಅಗ್ಗದ ನಕಲಿಯಲ್ಲಿ ಆ ಚಿಪ್ ಸರಿ ಇಲ್ಲ ಅಂದರೆ, ವ್ಯಾಟ್ ಎಷ್ಟೇ ಬರೆದಿರಲಿ, ಲ್ಯಾಪ್‌ಟಾಪ್ ಅದನ್ನು ನಂಬಲ್ಲ. ಬ್ಯಾಟರಿ ಚಾರ್ಜ್ ಆಗಲ್ಲ, ಸ್ಪೀಡೂ ಬರಲ್ಲ.

ಟೈಪ್-ಸಿ ಆಗಲ್ವಾ ಅಂತ ಕೇಳ್ತೀರಿ. 100 ವ್ಯಾಟಿನ ಟೈಪ್-ಸಿ ಚಾರ್ಜರ್ ಆಫೀಸ್ ಕೆಲಸಕ್ಕೆ ಸಾಕು, ನಿಮ್ಮ ಪೋರ್ಟ್ ಚಾರ್ಜಿಂಗ್ ತಗೊಳ್ಳೋದಾದರೆ. 2021ರಲ್ಲಿ ಟೈಪ್-ಸಿ ಚಾರ್ಜಿಂಗ್‌ಗೆ 240 ವ್ಯಾಟ್‌ವರೆಗಿನ ಮಾನದಂಡ ಬಂದಿದೆ. ಆದರೆ ಲ್ಯಾಪ್‌ಟಾಪೂ ಕೇಬಲ್ಲೂ ಅದಕ್ಕೆ ತಕ್ಕಂತಿರಬೇಕು.

ಎರಡನೇ ಅಂಗಡಿಯಲ್ಲಿ 230 ವ್ಯಾಟಿನದು ಸಿಕ್ಕಿತು. ಇಟ್ಟಿಗೆಯಷ್ಟು ಭಾರ, ನನಗೆ ಅದೇ ಸಮಾಧಾನ. ಸ್ಟಿಕರ್ ಮೇಲೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ಗುರುತಿದೆ, ‘ಆರ್’ ಅಕ್ಷರದಿಂದ ಶುರುವಾಗೋ ನೋಂದಣಿ ನಂಬರಿದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿದೆ, ಕಂಪನಿ ಹೆಸರು ಹೊಂದಿತು. ಬೆಲೆ ಜಾಸ್ತಿ, ಹೌದು. ಬಿಲ್, ವಾರಂಟಿ ಬರೆಸಿಕೊಂಡೆ.

ಆಮೇಲೆ ಗೋಡೆಗೆ ಹಾಕೋ ಕೇಬಲ್. ಅದು ಮೂರು ಪಿನ್ನಿನದೇ ಇರಲಿ, ಎರಡು ಪಿನ್ನಿನ ಜುಗಾಡ್ ಬೇಡ. ಚಾರ್ಜ್ ಆಗುವಾಗ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಕೈ ಜುಮ್ ಅನ್ನುತ್ತಾ? ಅರ್ತ್ ಇಲ್ಲದಿದ್ದರೆ ಹೊಸ ಅಡಾಪ್ಟರ್‌ನಲ್ಲೂ ಹಾಗೇ ಆಗುತ್ತೆ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಆ ಸಾಕೆಟ್ ನೋಡಿಸಿ.