ನೀರೊಳಗೂ ಬೆವರಿದವರು

ಕೇಳುಗರೆಲ್ಲರಿಗೂ ನಮಸ್ಕಾರ. ಯುದ್ಧ, ಸಮಾಜ, ವ್ಯಕ್ತಿಸ್ವಾತಂತ್ರ್ಯ ಇವುಗಳನ್ನು ಸಾಹಿತ್ಯ ಹೇಗೆ ಕಾಣುತ್ತದೆ ಎಂಬುದರ ಬಗ್ಗೆ ಇಂದು ನಾಲ್ಕು ಮಾತು.

ಕಾಸರಗೋಡಿನ ನಮ್ಮ ಹಳ್ಳಿಗಳಲ್ಲಿ ಯುದ್ಧವನ್ನು ಕಣ್ಣಾರೆ ಕಂಡವರು ಕಡಿಮೆ, ಕಿವಿಯಾರೆ ಕೇಳಿದವರು ಬಹಳ. ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯೇ ಅದಕ್ಕೆ ಕಾರಣ. ಅಲ್ಲಿ ಕಿರೀಟವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಭಾಗವತರ ಹಾಡು, ಚೆಂಡೆ ಮದ್ದಳೆ, ಎದುರುಬದುರು ಕುಳಿತ ಅರ್ಥಧಾರಿಗಳ ಮಾತು ಇಷ್ಟರಿಂದಲೇ ಕುರುಕ್ಷೇತ್ರ ನಿಲ್ಲಬೇಕು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಬೆಳೆದ ನನಗೆ ಸಾಹಿತ್ಯವು ಯುದ್ಧವನ್ನು ಹೇಗೆ ಕಾಣುತ್ತದೆ ಎಂಬ ಮೊದಲ ಪಾಠ ದೊರೆತದ್ದು ಅಂಥ ಒಂದು ಕೂಟದಲ್ಲಿ, ದೇವಸ್ಥಾನದ ಚಾವಡಿಯ ಕಂಬಕ್ಕೆ ಒರಗಿ ಕುಳಿತಿದ್ದ ಹದಿಮೂರನೆಯ ವಯಸ್ಸಿನಲ್ಲಿ.

ಅಂದಿನ ಪ್ರಸಂಗ ಗದಾಯುದ್ಧ. ಕೌರವನ ಅರ್ಥ ಹೇಳುತ್ತಿದ್ದವರು ವಯಸ್ಸಾದ ಕೃಷಿಕರು. ಅಡಿಕೆಯ ಕಲೆ ಹತ್ತಿ ಕಪ್ಪಾಗಿದ್ದ ಅವರ ಬೆರಳುಗಳು ಹೆಗಲ ಶಾಲಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ಹನ್ನೊಂದು ಅಕ್ಷೌಹಿಣಿಯನ್ನು ಕಳೆದುಕೊಂಡು ವೈಶಂಪಾಯನ ಸರೋವರದಲ್ಲಿ ಅಡಗಿದ ದೊರೆಯನ್ನು ಭೀಮ ದಡದಿಂದ ಮೂದಲಿಸುತ್ತಿದ್ದಾನೆ. ಭಾಗವತರು ಪದ್ಯ ಮುಗಿಸಿ ಜಾಗಟೆಯ ಕೋಲನ್ನು ಕೆಳಗಿಟ್ಟರು. ಅರ್ಥಧಾರಿಗಳು ಕೂಡಲೇ ಮಾತೆತ್ತಲಿಲ್ಲ. ಬಹಳ ಹೊತ್ತಿನ ಮೇಲೆ, ಪಕ್ಕದವರಿಗೆ ಹೇಳುವಷ್ಟೇ ಸಣ್ಣ ದನಿಯಲ್ಲಿ, "ನಾನು ಏಳದಿದ್ದರೆ ಬದುಕಿಯೇನು, ಆದರೆ ಬದುಕುವವನು ನಾನಾಗಿರುವುದಿಲ್ಲ" ಎಂದರು.

ಆ ಮಾತು ಪದ್ಯದಲ್ಲಿರಲಿಲ್ಲ. ಕೌರವ ನೀರಿನಿಂದ ಏಳಬೇಕು, ತೊಡೆ ಮುರಿದು ಬೀಳಬೇಕು. ಅದನ್ನು ತಪ್ಪಿಸುವ ಅಧಿಕಾರ ಯಾವ ಅರ್ಥಧಾರಿಗೂ ಇಲ್ಲ. ಆದರೆ ಯಾಕೆ ಎದ್ದ, ಏಳುವಾಗ ಅವನ ಎದೆಯಲ್ಲಿ ಏನಿತ್ತು ಎಂಬುದನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಅದನ್ನು ಆ ರಾತ್ರಿ, ಆ ಸಭೆಯ ಮುಂದೆ, ಒಬ್ಬ ಮನುಷ್ಯ ತನ್ನೊಳಗಿನಿಂದಲೇ ತೆಗೆಯಬೇಕು. ಪದ್ಯಕ್ಕೆ ಕಟ್ಟಿದೆ, ಅರ್ಥಕ್ಕೆ ಬಿಡುವಿದೆ. ವ್ಯಕ್ತಿಸ್ವಾತಂತ್ರ್ಯವನ್ನು ಸಾಹಿತ್ಯ ಹುಡುಕುವುದು ಈ ಬಿಡುವಿನಲ್ಲಿಯೇ ಎಂದು ನಾನು ನಂಬಿದ್ದೇನೆ.

ಹತ್ತನೆಯ ಶತಮಾನದ ರನ್ನನಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವನ 'ಗದಾಯುದ್ಧ' ಕಾವ್ಯದ ಹೆಸರಿನಲ್ಲಿ ಯುದ್ಧವಿದ್ದರೂ, ಓದಿದವರ ಮನಸ್ಸಿನಲ್ಲಿ ಉಳಿಯುವುದು ಯುದ್ಧ ಮುಗಿಯುತ್ತ ಬಂದಾಗ ಹೆಣಗಳ ನಡುವೆ ಸಂಜಯನೊಡನೆ ನಡೆದುಹೋಗುವ ಒಬ್ಬ ತಂದೆ, ಅಣ್ಣ, ಗೆಳೆಯ. ಮಗ ಲಕ್ಷಣಕುಮಾರನ ಮುಂದೆ ನಿಂತು ದುರ್ಯೋಧನ, ತಂದೆಗೆ ಮಗ ಜಲಾಂಜಲಿ ಕೊಡುವುದು ಉಚಿತ, ನೀನು ಕ್ರಮವನ್ನೇ ತಿರುವುಮುರುವು ಮಾಡಿದೆಯಲ್ಲ ಎಂದು ದುಃಖಿಸುತ್ತಾನೆ. ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಶವದ ಬಳಿಯಲ್ಲಿ, ನಿನ್ನ ಸಾಹಸದ ಒಂದಂಶದಷ್ಟಾದರೂ ಇರುವ ಸಾವು ನನಗೆ ಬರಲಿ ಎಂದು ಬೇಡಿಕೊಳ್ಳುತ್ತಾನೆ. ಗೆಲ್ಲುವವರೆಗೆ ಕಾಣದ ಮನುಷ್ಯ ಸೋತ ಮೇಲೆ ಕಾಣಿಸಿಕೊಳ್ಳುತ್ತಾನೆ. ಕೊನೆಗೆ ಭೀಮನ ಗರ್ಜನೆ ಕೇಳಿದ ಅವನ ಸ್ಥಿತಿಯನ್ನು ರನ್ನ ಹೇಳುವುದು ಒಂದೇ ಸಾಲಿನಲ್ಲಿ: "ನೀರೊಳಗಿರ್ದುಂ ಬೆಮರ್ತನುರಗಪತಾಕಂ". ಹಾವಿನ ಬಾವುಟದ ದುರ್ಯೋಧನ ನೀರಿನಲ್ಲಿದ್ದೂ ಬೆವರಿದನು. ಈ ಸಾಲನ್ನು ನಾನು ಮೂವತ್ತು ವರ್ಷ ತರಗತಿಯಲ್ಲಿ ಓದಿದ್ದೇನೆ. ಒಂದು ಸಲವೂ ಅದು ಹಳತೆನಿಸಲಿಲ್ಲ.

ಇನ್ನೊಂದು ನೀರು ನಮ್ಮ ಜಿಲ್ಲೆಯದೇ. ಕಯ್ಯೂರು ಇರುವುದು ಕಾರ್ಯಂಗೋಡು ಹೊಳೆಯ ದಡದಲ್ಲಿ. ಆ ಹೊಳೆಯನ್ನು ತೇಜಸ್ವಿನಿ ಎಂದೂ ಕರೆಯುತ್ತಾರೆ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಊರು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಜನ್ಮಿಗಳ, ಎಂದರೆ ಭೂಮಾಲೀಕರ, ದಬ್ಬಾಳಿಕೆಗೆ ಎದುರಾಗಿ ರೈತರು ಸಂಘ ಕಟ್ಟಿದ್ದರು. 1941ರ ಮಾರ್ಚ್ ತಿಂಗಳಿನಲ್ಲಿ, ಪೊಲೀಸರ ದೌರ್ಜನ್ಯವನ್ನು ಪ್ರತಿಭಟಿಸಿ ಹೊರಟ ಮೆರವಣಿಗೆಗೆ ಒಬ್ಬ ಪೊಲೀಸ್ ಪೇದೆ ಸಿಕ್ಕಿಬಿದ್ದ. ಅವನ ಕೈಗೆ ಬಾವುಟ ಕೊಟ್ಟು ನಡೆಸಿದರು. ಅವನು ತಪ್ಪಿಸಿಕೊಳ್ಳಲು ಹೊಳೆಗೆ ಹಾರಿದ, ಕಲ್ಲೇಟುಗಳ ನಡುವೆ ಮುಳುಗಿ ಸತ್ತ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಮಠತ್ತಿಲ್ ಅಪ್ಪು, ಕೋಯಿತ್ತಾಟಿಲ್ ಚಿರುಕಂಡನ್, ಪೊಡೋರ ಕುಂಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್ ಎಂಬ ನಾಲ್ವರು ತರುಣರನ್ನು ಗಲ್ಲಿಗೇರಿಸಿದರು. ಮರಣದಂಡನೆಗೆ ಗುರಿಯಾಗಿದ್ದ ಐದನೆಯವನು ಇನ್ನೂ ಪ್ರಾಪ್ತವಯಸ್ಕನಾಗಿರಲಿಲ್ಲವಾದ್ದರಿಂದ ಅವನ ಜೀವ ಉಳಿಯಿತು.

ಈ ಮಲಯಾಳಿ ರೈತರ ಕಥೆಯನ್ನು ಕಾದಂಬರಿಯಾಗಿ ಬರೆದವರು ಕನ್ನಡದ ನಿರಂಜನರು. 1955ರಲ್ಲಿ 'ಚಿರಸ್ಮರಣೆ' ಪ್ರಕಟವಾಯಿತು. ಮರುವರ್ಷ, 1956ರ ನವೆಂಬರ್ ಒಂದರಂದು, ಭಾಷೆಯ ಆಧಾರದ ಮೇಲೆ ಗಡಿ ಎಳೆದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಆ ನೋವು ನಮ್ಮ ಮನೆಗಳಲ್ಲಿ ಇಂದಿಗೂ ಆರಿಲ್ಲ. ಹಾಗಿರುವಾಗ, ಒಂದು ಭಾಷೆಯ ರೈತರ ಸಂಕಟವನ್ನು ಇನ್ನೊಂದು ಭಾಷೆ ತನ್ನದೇ ಎಂದು ಹೊತ್ತುಕೊಂಡ ಆ ಪುಸ್ತಕದ ಬಗ್ಗೆ ನನಗೆ ವಿಶೇಷವಾದ ಗೌರವವಿದೆ. ಮುಂದೆ ಅದು ಮಲಯಾಳಕ್ಕೂ ಹೋಯಿತು.

ನಿರಂಜನರು ಗಲ್ಲಿನಿಂದ ಕಥೆ ಆರಂಭಿಸುವುದಿಲ್ಲ. ಶಾಲೆಗೆ ಹೋಗುವ ಹುಡುಗರಾದ ಅಪ್ಪು ಮತ್ತು ಚಿರುಕಂಡರಿಂದ, ಅವರಿಗೆ ಅಕ್ಷರದ ಜೊತೆಗೆ ಪ್ರಶ್ನೆ ಕೇಳುವುದನ್ನೂ ಕಲಿಸಿದ ಮಾಸ್ತರರಿಂದ ಆರಂಭಿಸುತ್ತಾರೆ. ನ್ಯಾಯಾಲಯದ ಕಡತಕ್ಕೆ ಬೇಕಾದದ್ದು ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಮಾತ್ರ. ಆ ಮಧ್ಯಾಹ್ನಕ್ಕೆ ಹುಡುಗರು ಹೇಗೆ ನಡೆದುಬಂದರು, ಜನ್ಮಿಯ ಮುಂದೆ ತಲೆತಗ್ಗಿಸುತ್ತಿದ್ದ ತಂದೆಯನ್ನು ಕಂಡಾಗ ಮಗನ ಮನಸ್ಸು ಹೇಗಾಗುತ್ತದೆ ಎಂಬುದಕ್ಕೆ ಕಡತದಲ್ಲಿ ಜಾಗವಿಲ್ಲ. ಸಮಾಜ ಎಂದು ನಾವು ಸುಲಭವಾಗಿ ಕರೆಯುವ ವಸ್ತು ಇದೇ ತಗ್ಗಿದ ತಲೆ. ಅದನ್ನು ಎತ್ತುವುದಕ್ಕೆ ತೆರಬೇಕಾದ ಬೆಲೆಯೇ ಕಾದಂಬರಿಯ ವಿಷಯ. ಹೊಳೆಯಲ್ಲಿ ಸತ್ತ ಪೇದೆಯನ್ನು ಕೂಡ ನಾವು ಮರೆಯಬಾರದು. ಅವನೂ ಸಂಬಳಕ್ಕೆ ದುಡಿಯುತ್ತಿದ್ದ ಬಡವ. ನೀರಿನೊಳಗೆ ಅವನೂ ಬೆವರಿರಬೇಕು.

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯಲ್ಲಿ ಸೈನ್ಯವೂ ಇಲ್ಲ, ಮೆರವಣಿಗೆಯೂ ಇಲ್ಲ. ಕಾಸರಗೋಡಿನಲ್ಲಿ ಹುಟ್ಟಿ, ಮನೆಯಲ್ಲಿ ಮಲಯಾಳ ಆಡುತ್ತ, ಶಾಲೆಯಲ್ಲಿ ಕನ್ನಡ ಕಲಿತ ಅವರು ಬರೆದದ್ದು ಒಂದು ಮನೆಯೊಳಗಿನ ಕಥೆ. ಗಂಡನನ್ನು ಪ್ರೀತಿಸುವ ನಾದಿರಾಳಿಗೆ ತಂದೆಯ ಹಟದಿಂದ ತಲಾಖ್ ಆಗುತ್ತದೆ. ಮತ್ತೆ ಅದೇ ಗಂಡನನ್ನು ಸೇರಬೇಕಾದರೆ ಒಂದು ರಾತ್ರಿಗೆ ಇನ್ನೊಬ್ಬನ ಹೆಂಡತಿಯಾಗಬೇಕು ಎನ್ನುತ್ತಾರೆ. ಆಕೆ ಮಸೀದಿಯ ಕೆರೆಯನ್ನು ಸೇರುತ್ತಾಳೆ. ಅದನ್ನು ಸ್ವಾತಂತ್ರ್ಯ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಬೇರೆ ಯಾವ ಬಾಗಿಲನ್ನೂ ತೆರೆದಿಡದ ಮನೆಯನ್ನು ಲೇಖಕಿ ಅಷ್ಟು ಸ್ಪಷ್ಟವಾಗಿ ತೋರಿಸಿದ್ದಾರೆ.

ಒಮ್ಮೆ ಹತ್ತನೆಯ ತರಗತಿಯ ಮಕ್ಕಳಿಗೆ ಈ ಕಥೆಯನ್ನು ಹೇಳಿ ಮುಗಿಸಿದಾಗ ಒಬ್ಬಳು ಹುಡುಗಿ ಎದ್ದು, "ಸರ್, ನಾದಿರಾಳ ಉಮ್ಮ ಯಾಕೆ ಏನೂ ಹೇಳಲಿಲ್ಲ?" ಎಂದು ಕೇಳಿದಳು. ಉತ್ತರ ಕೊಡುವುದು ಸರಿಯೆನಿಸಲಿಲ್ಲ. ನನ್ನ ಕುರ್ಚಿಯನ್ನು ತರಗತಿಯ ನಡುವೆ ಇಟ್ಟು, ತಾಳಮದ್ದಳೆಯಲ್ಲಿ ಅರ್ಥ ಹೇಳುವಂತೆ ಆ ತಾಯಿಯ ಅರ್ಥವನ್ನು ನೀನೇ ಹೇಳಮ್ಮ, ಕಥೆಯನ್ನು ಮಾತ್ರ ಬದಲಾಯಿಸಬಾರದು ಎಂದೆ. ಅವಳು ಕುಳಿತಳು. ತಲೆಗೆ ಹೊದ್ದ ತಟ್ಟವನ್ನು ಸರಿಪಡಿಸಿಕೊಂಡು, ಕೈಗಳನ್ನು ಮಡಿಲಲ್ಲಿಟ್ಟು, ಸುಮ್ಮನೆ ನೆಲ ನೋಡಿದಳು. ಗಂಟೆ ಬಾರಿಸಿತು, ಯಾರೂ ಏಳಲಿಲ್ಲ. ಆಮೇಲೆ ಅವಳು ನಿಧಾನವಾಗಿ ಹೇಳಿದಳು: "ಮಗಳೇ, ನನ್ನನ್ನು ಕೊಡುವಾಗಲೂ ಯಾರೂ ನನ್ನ ಹತ್ತಿರ ಕೇಳಿರಲಿಲ್ಲ. ಕೇಳಬಹುದು ಎಂದು ನನಗೆ ಗೊತ್ತೇ ಇರಲಿಲ್ಲ."